ಹತ್ತಕ್ಕೆ ಮೂರು ಕೊಟ್ಟ ಮೇಷ್ಟ್ರ ಬಹಿರಂಗ ಪತ್ರ

ಶಾಲೆ ನಡೆಸುವವರಿಗೆ, ಮುಖ್ಯ ಶಿಕ್ಷಕರಿಗೆ, ಪಠ್ಯಪುಸ್ತಕ ಬರೆಸುವ ಅಧಿಕಾರಿಗಳಿಗೆ, ಮನೆಯಲ್ಲಿ ಬೆಳೆಯುವ ಮಕ್ಕಳಿರುವ ಎಲ್ಲರಿಗೂ,

ನಮಸ್ಕಾರ.

ನಾನು ನಿವೃತ್ತ ಭಾಷಾ ಶಿಕ್ಷಕ. ಇಪ್ಪತ್ತಾರು ವರ್ಷ ಮಕ್ಕಳ ಪ್ರಬಂಧ ತಿದ್ದಿದ್ದೇನೆ. ಅದರಲ್ಲಿ ಒಂದು ಪ್ರಬಂಧ ತಿದ್ದುವಾಗ ನಾನೇ ತಪ್ಪು ಮಾಡಿದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಎಂಟನೇ ತರಗತಿ. ವಿಷಯ ಎಂದಿನದೇ, ‘ನನ್ನ ಆದರ್ಶ ವ್ಯಕ್ತಿ’. ನಲವತ್ತೊಂದು ಪುಸ್ತಕ ಮೇಜಿನ ಮೇಲೆ ಬಂದವು. ಮೂವತ್ತಕ್ಕೂ ಜಾಸ್ತಿ ಪುಸ್ತಕಗಳಲ್ಲಿ ಒಬ್ಬರೇ ಮಹನೀಯರು. ಅದೇ ಬಡತನ, ಅದೇ ಬೀದಿ ದೀಪದ ಕೆಳಗಿನ ಓದು, ಅದೇ ಕೊನೆಯ ಸಾಲು. ಗೈಡಿನಿಂದ ಇಳಿಸಿದ್ದಾರೆ ಅಂತ ನೋಡಿದ ಕೂಡಲೇ ಗೊತ್ತಾಯಿತು, ಯಾಕಂದರೆ ಗೈಡಿನ ಅಚ್ಚಿನ ತಪ್ಪು ಕೂಡ ಹಾಗೇ ಇಳಿದು ಬಂದಿತ್ತು. ಒಬ್ಬ ಹುಡುಗ ಮಾತ್ರ ತನ್ನ ಚಿಕ್ಕಮ್ಮನ ಬಗ್ಗೆ ಬರೆದಿದ್ದ.

ಚಿಕ್ಕಮ್ಮ ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ಓದು ಬಿಟ್ಟವರಂತೆ. ಮೂವತ್ತಾರನೇ ವಯಸ್ಸಿಗೆ ಮತ್ತೆ ಪರೀಕ್ಷೆಗೆ ಕಟ್ಟಿದ್ದರು. ಎರಡು ಸಲ ಬರೆದರು, ಎರಡು ಸಲವೂ ಆಗಲಿಲ್ಲ. ರಾತ್ರಿ ಒಂದೇ ಮೇಜಿನ ಆ ಕಡೆ ಅವರು, ಈ ಕಡೆ ಇವನು. ಅವನ ಮಾತಿನಲ್ಲೇ ಹೇಳುತ್ತೇನೆ, ಇವತ್ತಿಗೂ ನೆನಪಿದೆ: “ಲೆಕ್ಕ ತಪ್ಪಾದರೆ ಚಿಕ್ಕಮ್ಮ ರಬ್ಬರಿನಿಂದ ಉಜ್ಜುತ್ತಾರೆ. ಉಜ್ಜಿ ಉಜ್ಜಿ ಹಾಳೆ ಹರಿದು ತೂತಾಗುತ್ತದೆ. ಆಗ ಹಿಂದಿನಿಂದ ಟೇಪು ಅಂಟಿಸಿ ಅದರ ಮೇಲೆಯೇ ಮತ್ತೆ ಬರೆಯುತ್ತಾರೆ.”

ನಾನು ಕೆಂಪು ಪೆನ್ನಿನಲ್ಲಿ ಬರೆದೆ: ‘ಆದರ್ಶ ವ್ಯಕ್ತಿ ಎಂದರೆ ಸಾಧಕರು. ವಿಷಯಕ್ಕೆ ಹೊಂದಿಲ್ಲ.’ ಹತ್ತಕ್ಕೆ ಮೂರು.

ಅವನು ಏನೂ ಹೇಳಲಿಲ್ಲ. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಅದೇ ವಿಷಯ ಬಂತು. ಈ ಸಲ ಅವನೂ ಬೀದಿ ದೀಪ ಬರೆದ. ಏಳು ಕೊಟ್ಟೆ.

ನನ್ನ ದೂರು ಇಷ್ಟೇ. ಆದರ್ಶ ಅಂದರೆ ದೂರದಲ್ಲಿರುವ ದೊಡ್ಡವರು ಅಂತ ನಾವು ಮಕ್ಕಳಿಗೆ ಕಲಿಸುತ್ತಿದ್ದೇವೆ. ಮಕ್ಕಳು ಮಾತ್ರ ಬದುಕೋದು ಹೇಗೆ ಅನ್ನೋದನ್ನು ಹತ್ತಿರದಲ್ಲಿ ಇರುವವರನ್ನು ನೋಡಿಯೇ ಕಲಿಯುತ್ತಿದ್ದಾರೆ. ಹತ್ತಿರದವರು ಅಂದರೆ ನಾವು. ಇದು ಖುಷಿ ಪಡುವ ಸಂಗತಿಯೋ ಭಯ ಪಡುವ ಸಂಗತಿಯೋ ನನಗಿನ್ನೂ ತೀರ್ಮಾನವಾಗಿಲ್ಲ.

ಭಯ ಯಾಕೆ ಅಂತ ಮೊದಲು ಹೇಳುತ್ತೇನೆ. ನನ್ನ ಮಗನಿಗೆ ಆಗ ಒಂಬತ್ತು ವರ್ಷ. ಅವನ ಸೈಕಲ್ಲಿನ ಚೈನು ಪದೇ ಪದೇ ಕಳಚುತ್ತಿತ್ತು. ಒಂದು ಭಾನುವಾರ ಅರ್ಧ ಗಂಟೆ ಕೂತು ಹಾಕಿದೆ, ಮತ್ತೆ ಕಳಚಿತು. “ಥೂ, ಇದರ ಮನೆ ಹಾಳಾಗ” ಅಂತ ಸ್ಪ್ಯಾನರ್ ಎಸೆದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಒಳಗೆ ಹೋದೆ. ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಎರಡು ವಾರ ಕಳೆದಿರಬೇಕು. ಭಿನ್ನರಾಶಿ ಲೆಕ್ಕ ಬಗೆಹರಿಯದೆ ಪೆನ್ಸಿಲ್ ಎಸೆದ. “ಥೂ, ಇದರ ಮನೆ ಹಾಳಾಗ.” ಆಮೇಲೆ ಕೈಯನ್ನು ಚಡ್ಡಿಗೆ ಒರೆಸಿಕೊಂಡ. ಪೆನ್ಸಿಲಿನಲ್ಲಿ ಗ್ರೀಸ್ ಎಲ್ಲಿರುತ್ತೆ ಹೇಳಿ! ಸಿಟ್ಟು ಬಂದಾಗ ಹೀಗೆ ಮಾಡಬೇಕು ಅಂತ ನಾನು ಯಾವತ್ತೂ ಪಾಠ ಮಾಡಿರಲಿಲ್ಲ. ತಾಳ್ಮೆಯ ಬಗ್ಗೆ ಮಾತ್ರ ಬೇಕಾದಷ್ಟು ಮಾಡಿದ್ದೆ.

1961ರಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ 72 ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳ ಮುಂದೆ ಒಬ್ಬ ದೊಡ್ಡವರು ಗಾಳಿ ತುಂಬಿದ ಗೊಂಬೆಯನ್ನು ಗುದ್ದಿದರು, ಸುತ್ತಿಗೆಯಿಂದ ಹೊಡೆದರು, ಬೈದರು. ಇನ್ನು ಕೆಲವರ ಮುಂದೆ ಅದೇ ಕೋಣೆಯಲ್ಲಿ ಸುಮ್ಮನೆ ಆಟವಾಡಿಕೊಂಡಿದ್ದರು. ಆಮೇಲೆ ಮಕ್ಕಳನ್ನು ಗೊಂಬೆಯ ಹತ್ತಿರ ಬಿಟ್ಟರು. ಗುದ್ದಿದ್ದನ್ನು ನೋಡಿದ ಮಕ್ಕಳಲ್ಲಿ ಬಹಳ ಜನ ಹಾಗೇ ಗುದ್ದಿದರು. ಕೆಲವರು ಬೈದ ಮಾತನ್ನೂ ಹಾಗೇ ಹೇಳಿದರು. ಹೀಗೆ ಮಾಡಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಮಾಡಿದರೆ ಬಹುಮಾನ ಅಂತಲೂ ಇರಲಿಲ್ಲ. ಇದನ್ನು ನಾನು ಬಿ.ಎಡ್.ನಲ್ಲೇ ಓದಿ ಪಾಸಾಗಿದ್ದೆ. ಅರ್ಥ ಆಗಿದ್ದು ಮಾತ್ರ ಆ ಚಡ್ಡಿಗೆ ಕೈ ಒರೆಸಿಕೊಂಡ ದಿನ.

ಈಗ ಖುಷಿಯ ಕಡೆಗೆ ಬರೋಣ. ಕೆಟ್ಟದ್ದು ಅಂಟುವ ಹಾಗೆ ಪಟ್ಟು ಬಿಡದಿರುವುದೂ ಅಂಟುತ್ತದೆ. 2017ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು 15 ತಿಂಗಳ ಕೂಸುಗಳ ಮುಂದೆ ಒಂದು ಆಟ ಕಟ್ಟಿದರು. ದೊಡ್ಡವರೊಬ್ಬರು ಡಬ್ಬಿಯೊಳಗಿನ ಆಟಿಕೆ ತೆಗೆಯಬೇಕು. ಕೆಲವು ಕೂಸುಗಳ ಮುಂದೆ ಅದನ್ನು ಸಲೀಸಾಗಿ ತೆಗೆದರು. ಇನ್ನು ಕೆಲವು ಕೂಸುಗಳ ಮುಂದೆ ಹೀಗೆ ತಿರುಗಿಸಿ, ಹಾಗೆ ತಿರುಗಿಸಿ, ಒದ್ದಾಡಿ ಕೊನೆಗೆ ತೆಗೆದರು. ಆಮೇಲೆ ಕೂಸುಗಳ ಕೈಗೆ ಬೇರೊಂದು ಆಟಿಕೆ ಕೊಟ್ಟರು. ಅದರ ಮೇಲೊಂದು ದೊಡ್ಡ ಗುಂಡಿ, ಒತ್ತಿದರೆ ಏನೂ ಆಗುವುದಿಲ್ಲ. ಒದ್ದಾಟ ನೋಡಿದ ಕೂಸುಗಳು ಆ ಗುಂಡಿಯನ್ನು ಜಾಸ್ತಿ ಸಲ ಒತ್ತಿದವು. ಮಾತೇ ಸರಿಯಾಗಿ ಬಾರದ ವಯಸ್ಸು, ನೋಡಿ. ‘ಪ್ರಯತ್ನ ಪಡಬೇಕು ಕಂದಾ’ ಅಂತ ಯಾರೂ ಭಾಷಣ ಮಾಡಿರಲಿಲ್ಲ.

ಇದನ್ನು ಓದಿದಾಗ ನನಗೆ ಟೇಪು ಅಂಟಿಸಿದ ಹಾಳೆ ಕಣ್ಣಿಗೆ ಬಂತು. ಆ ಹುಡುಗ ದಿನಾ ರಾತ್ರಿ ನೋಡುತ್ತಿದ್ದದ್ದು ಇದನ್ನೇ ಅಲ್ವಾ?

ಬೀದಿ ದೀಪದ ಮಹನೀಯರೂ ಕಷ್ಟಪಟ್ಟವರೇ, ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅವರ ಕಷ್ಟ ಮಕ್ಕಳಿಗೆ ಕಾಣುವುದಿಲ್ಲ. ಕಾಣುವುದು ಕಷ್ಟದ ಬಗ್ಗೆ ಬರೆದ ಎರಡು ಸಾಲು, ಅದರ ಪಕ್ಕದಲ್ಲೇ ಪ್ರಶಸ್ತಿಗಳ ಪಟ್ಟಿ. ಕತೆ ಹೇಗೆ ಮುಗಿಯುತ್ತೆ ಅಂತ ಮೊದಲೇ ಗೊತ್ತಿದ್ದರೆ ಸೋಲು ಸೋಲಿನ ಹಾಗೆ ಅನ್ನಿಸುವುದಿಲ್ಲ. ಫೋನಿನಲ್ಲಿ ಮಕ್ಕಳು ಹಿಂಬಾಲಿಸುವ ಜನರ ಕತೆಯೂ ಇದೇ. ಮೂವತ್ತು ಸೆಕೆಂಡಿನ ವಿಡಿಯೋ ನೋಡುತ್ತಾರೆ, ಅದಕ್ಕಾಗಿ ಹಾಳಾದ ನಲವತ್ತು ವಿಡಿಯೋ ಯಾರಿಗೂ ಕಾಣುವುದಿಲ್ಲ. ಚಿಕ್ಕಮ್ಮನ ಫಲಿತಾಂಶ ಆ ಹುಡುಗನಿಗೂ ಗೊತ್ತಿರಲಿಲ್ಲ, ಚಿಕ್ಕಮ್ಮನಿಗೂ ಗೊತ್ತಿರಲಿಲ್ಲ. ಅದಕ್ಕೇ ಅದು ನಿಜವಾದ ಪಾಠ.

ಶಾಲೆ ನಡೆಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 1997ರಲ್ಲಿ ಕೆನಡಾದ ಇಬ್ಬರು ಮನಶ್ಶಾಸ್ತ್ರಜ್ಞೆಯರು, ಪೆನೆಲೊಪಿ ಲಾಕ್‌ವುಡ್ ಮತ್ತು ಜಿವಾ ಕುಂಡಾ, ಲೆಕ್ಕಶಾಸ್ತ್ರ ಓದುತ್ತಿದ್ದವರಿಗೆ ಒಂದು ಬರಹ ಓದಲು ಕೊಟ್ಟರು. ಅದೇ ಕೋರ್ಸಿನ ಕೊನೆಯ ವರ್ಷದ ಒಬ್ಬ ಅತಿ ಜಾಣ ವಿದ್ಯಾರ್ಥಿಯ ಬಗ್ಗೆ. ಮೊದಲ ವರ್ಷದವರು ಓದಿ ಹುರುಪುಗೊಂಡರು, ತಮ್ಮ ಬಗ್ಗೆ ಇನ್ನಷ್ಟು ಒಳ್ಳೆಯದಾಗಿ ಹೇಳಿಕೊಂಡರು. ಕೊನೆಯ ವರ್ಷದವರಿಗೆ ಆ ಹುರುಪು ಬರಲಿಲ್ಲ. ಅವರಿಗೆ ಅಷ್ಟು ಸಾಧಿಸಲು ಸಮಯವೇ ಉಳಿದಿರಲಿಲ್ಲ ತಾನೇ? ನನ್ನಿಂದಲೂ ಆದೀತು ಅನ್ನಿಸಿದರೆ ಮಾತ್ರ ಆದರ್ಶ ಕೆಲಸ ಮಾಡುತ್ತದೆ. ಆಗದು ಅನ್ನಿಸಿದರೆ ಅದು ಗೋಡೆಗೆ ನೇತುಹಾಕಿದ ಫೋಟೋ ಅಷ್ಟೇ.

ಹತ್ತಿರ ಅಂದರೆ ಎಷ್ಟು ಹತ್ತಿರ ಅಂತ ಕೇಳಬಹುದು. ಪಶ್ಚಿಮ ಬಂಗಾಳದಿಂದ ಒಂದು ಉತ್ತರ ಇದೆ. 1993ರ ಕಾನೂನಿನ ನಂತರ ಅಲ್ಲಿನ ಗ್ರಾಮ ಪಂಚಾಯಿತಿಗಳಲ್ಲಿ ಮೂರರಲ್ಲಿ ಒಂದು ಪ್ರಧಾನರ (ಅಂದರೆ ಪಂಚಾಯಿತಿ ಮುಖ್ಯಸ್ಥರ) ಹುದ್ದೆ ಹೆಂಗಸರಿಗೆ ಮೀಸಲಾಯಿತು. ಯಾವ ಊರಿಗೆ ಮೀಸಲು ಬರಬೇಕು ಅನ್ನೋದು ಊರಿನವರ ಇಷ್ಟಕ್ಕೆ ಬಿಟ್ಟದ್ದಾಗಿರಲಿಲ್ಲ. ಎಸ್ತರ್ ಡುಫ್ಲೋ, ರೋಹಿಣಿ ಪಾಂಡೆ ಮತ್ತಿಬ್ಬರು ಅರ್ಥಶಾಸ್ತ್ರಜ್ಞೆಯರು 495 ಹಳ್ಳಿಗಳಲ್ಲಿ 11ರಿಂದ 15 ವರ್ಷದ ಮಕ್ಕಳನ್ನೂ ಅವರ ಅಪ್ಪ ಅಮ್ಮಂದಿರನ್ನೂ ಮಾತಾಡಿಸಿದರು. 2012ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡು ಅವಧಿ ಮಹಿಳೆಯೇ ಪ್ರಧಾನರಾಗಿದ್ದ ಊರುಗಳಲ್ಲಿ, ಮಗನ ಬಗ್ಗೆ ಇರುವ ಕನಸಿಗೂ ಮಗಳ ಬಗ್ಗೆ ಇರುವ ಕನಸಿಗೂ ನಡುವಿನ ಅಂತರ ಹೆತ್ತವರಲ್ಲಿ ಗಮನಿಸುವಷ್ಟು ಕಡಿಮೆಯಾಗಿತ್ತು, ಮಕ್ಕಳಲ್ಲಂತೂ ಶೇಕಡ 32ರಷ್ಟು. ಹುಡುಗ ಹುಡುಗಿಯರ ಓದಿನ ಅಂತರ ಅಳಿಸಿಯೇ ಹೋಗಿತ್ತು. ಆ ಪ್ರಧಾನರು ಯಾರೂ ಜಗತ್ಪ್ರಸಿದ್ಧರಲ್ಲ. ದಿನಾ ಕಣ್ಣಿಗೆ ಬೀಳುತ್ತಿದ್ದರು, ವರ್ಷಗಟ್ಟಲೆ ಅಲ್ಲೇ ಇದ್ದರು.

ನನಗೆ ಇದರಲ್ಲಿ ಹಿಡಿಸಿದ್ದು ಹೆತ್ತವರ ಮಾತು. ಮಾದರಿ ಕಂಡದ್ದು ಮಗಳಿಗೆ ಮಾತ್ರ ಅಲ್ಲ, ಅಪ್ಪನಿಗೂ ಕಂಡಿದೆ. ಅಪ್ಪನ ಲೆಕ್ಕಾಚಾರ ಸ್ವಲ್ಪ ಸರಿದಿದೆ. ಮನೆ ಬೇರೆ, ಹೊರಗಿನ ಆದರ್ಶ ಬೇರೆ ಅಂತ ನಾವು ಗೆರೆ ಎಳೆಯುತ್ತೇವಲ್ಲ, ಮಕ್ಕಳ ಬದುಕಿನಲ್ಲಿ ಆ ಗೆರೆ ಇರುವುದೇ ಇಲ್ಲ.

‘ಮನೆಯೇ ಮೊದಲ ಪಾಠಶಾಲೆ’ ಅಂತ ಗೋಡೆಯ ಮೇಲೆಲ್ಲ ಬರೆಸಿದ್ದೇವೆ. ಆ ಪಾಠಶಾಲೆಯ ಸಿಲಬಸ್ ಏನು ಅಂತ ಮಾತ್ರ ಕೇಳಿಲ್ಲ. ನಾನು ಕಂಡ ಹಾಗೆ ಅದರಲ್ಲಿ ದೊಡ್ಡ ದೊಡ್ಡ ಅಧ್ಯಾಯಗಳೇನೂ ಇಲ್ಲ. ತಪ್ಪಾದಾಗ ಇವರು ಏನು ಮಾಡುತ್ತಾರೆ? ತಮಗಿಂತ ಕೆಳಗಿನವರ ಜೊತೆ ಹೇಗೆ ಮಾತಾಡುತ್ತಾರೆ? ಫೋನ್ ಬಂದಾಗ ‘ಮನೇಲಿ ಇಲ್ಲ ಅಂತ ಹೇಳು’ ಅನ್ನುತ್ತಾರಾ? ಮಕ್ಕಳ ನೋಟ್ಸ್ ತುಂಬಾ ಇರುವುದು ಇದೇ.

ಜಗಳವೂ ಅದರಲ್ಲಿ ಸೇರಿದೆ. ಮಕ್ಕಳ ಮುಂದೆ ಜಗಳ ಆಡಬಾರದು ಅಂತ ಎಲ್ಲರೂ ಬುದ್ಧಿ ಹೇಳುತ್ತಾರೆ. ಆಡದೆ ಇರುವ ಮನೆಯನ್ನು ನಾನಂತೂ ನೋಡಿಲ್ಲ. ಮಾರ್ಕ್ ಕಮಿಂಗ್ಸ್ ಎಂಬ ಸಂಶೋಧಕರು ಬಹಳ ವರ್ಷ ಇದನ್ನೇ ಅಭ್ಯಾಸ ಮಾಡಿದವರು. ಅವರಿಗೆ ಕಂಡದ್ದು ಏನೆಂದರೆ, ಜಗಳ ರಾಜಿಯಲ್ಲಿ ಮುಗಿದದ್ದನ್ನು ನೋಡಿದ ಮಕ್ಕಳ ಕಳವಳ ಬಹಳಷ್ಟು ಇಳಿಯುತ್ತದೆ. ನಮ್ಮ ಮನೆಗಳಲ್ಲಿ ಆಗುವುದು ಇದರ ಉಲ್ಟಾ. ಜಗಳ ನಡುಮನೆಯಲ್ಲಿ, ಎಲ್ಲರ ಮುಂದೆ, ಜೋರಾಗಿ. ರಾಜಿ ಒಳಗಿನ ಕೋಣೆಯಲ್ಲಿ, ಮಕ್ಕಳು ಮಲಗಿದ ಮೇಲೆ, ಪಿಸುಮಾತಿನಲ್ಲಿ. ಬೆಳಗ್ಗೆ ಎದ್ದ ಮಗುವಿಗೆ ಅಪ್ಪ ಅಮ್ಮ ಮಾಮೂಲಿಯಾಗಿ ಮಾತಾಡುತ್ತಿರುವುದು ಕಾಣುತ್ತದೆ. ನಡುವೆ ಏನಾಯಿತು, ಯಾರು ಮೊದಲು ಮಾತಾಡಿದರು, ‘ತಪ್ಪಾಯ್ತು’ ಅಂದಿದ್ದು ಯಾರು, ಒಂದೂ ಗೊತ್ತಿಲ್ಲ. ಹದಿನೇಳು ವರ್ಷದ ಹುಡುಗ ಗೆಳೆಯನ ಜೊತೆ ಮುನಿಸಿಕೊಂಡು ವರ್ಷಗಟ್ಟಲೆ ಮಾತು ಬಿಟ್ಟರೆ ನಾವು ‘ಈಗಿನ ಮಕ್ಕಳಿಗೆ ಅಹಂಕಾರ’ ಅನ್ನುತ್ತೇವೆ. ಮತ್ತೆ ಮಾತು ಶುರುಮಾಡೋದು ಹೇಗೆ ಅಂತ ಅವನು ಎಲ್ಲಿ ನೋಡಿದ್ದಾನೆ ಹೇಳಿ?

ಹಾಗಂತ ಎಲ್ಲವೂ ಮನೆಯ ಕೈಯಲ್ಲೇ ಇದೆ ಅಂತ ನಾನು ಹೇಳುತ್ತಿಲ್ಲ. ಗೆಳೆಯರ ಪ್ರಭಾವ ಸಣ್ಣದಲ್ಲ. 2005ರಲ್ಲಿ ಅಮೆರಿಕದಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಕಾರು ಓಡಿಸುವ ಕಂಪ್ಯೂಟರ್ ಆಟ ಆಡಿಸಿ ನೋಡಿದರು. 13ರಿಂದ 16 ವರ್ಷದವರು ಒಬ್ಬರೇ ಇದ್ದಾಗಿನದಕ್ಕಿಂತ ಗೆಳೆಯರು ಪಕ್ಕದಲ್ಲಿದ್ದಾಗ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಈ ವ್ಯತ್ಯಾಸ ಅಷ್ಟು ಕಾಣಲಿಲ್ಲ. ಹದಿಹರೆಯದವರ ಮನೆಯಲ್ಲಿ ಇರುವವರಿಗೆ ಇದಕ್ಕೆ ಪ್ರಯೋಗ ಬೇಕಾಗಿಲ್ಲ ಬಿಡಿ.

ಇನ್ನೊಂದು ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಶಿಕ್ಷಕರ ಕೋಣೆಯಲ್ಲಿ ನಾವು ಎಷ್ಟು ಸಲ ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅಂದಿದ್ದೇವೆ? ಒಳ್ಳೆಯ ಮಗುವಿನ ಬಗ್ಗೆ ಅಂದದ್ದು ಕಡಿಮೆ. ಕುಡುಕ ಅಪ್ಪ, ಬಿಟ್ಟುಹೋದ ಅಮ್ಮ, ಹೊಡೆದಾಟದ ಮನೆ ಅಂತ ಗೊತ್ತಾದ ಕೂಡಲೇ ಆ ಮಗುವಿನ ಹೆಸರಿನ ಮುಂದೆ ಮನಸ್ಸಿನಲ್ಲೇ ಒಂದು ಅಡ್ಡಗೆರೆ ಎಳೆದುಬಿಡುತ್ತಿದ್ದೆವು. ನಾನೂ ಎಳೆದಿದ್ದೇನೆ.

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಎಂಬ ಇಬ್ಬರು ಅವರಿಗೆ ನಲವತ್ತು ವರ್ಷ ಆಗುವವರೆಗೂ ಹಿಂಬಾಲಿಸಿದರು. ಹೆಚ್ಚು ಕಮ್ಮಿ ಮೂರರಲ್ಲಿ ಒಂದು ಮಗುವಿನ ಪಾಡು ಕಷ್ಟದ್ದು: ಬಡತನ, ಹುಟ್ಟುವಾಗಲೇ ತೊಂದರೆ, ಜಗಳದ ಮನೆ, ಕುಡಿತ, ಮಾನಸಿಕ ಕಾಯಿಲೆ, ಒಂದರ ಮೇಲೊಂದು. ನಮ್ಮ ಗಾದೆ ಪೂರ್ತಿ ನಿಜವಾಗಿದ್ದರೆ ಇವರೆಲ್ಲ ದಾರಿ ತಪ್ಪಬೇಕಿತ್ತು. ಬಹಳ ಮಂದಿಗೆ ತೊಂದರೆ ಆಗಿದ್ದೂ ಹೌದು. ಆದರೆ ಅವರಲ್ಲೂ ಮೂರರಲ್ಲಿ ಒಬ್ಬರು ಚೆನ್ನಾಗಿ ಬೆಳೆದರು. ಕೆಲಸ ಮಾಡಿದರು, ಸಂಸಾರ ನಡೆಸಿದರು, ಬೇರೆಯವರಿಗೆ ಆಸರೆಯಾದರು. ಏನು ವ್ಯತ್ಯಾಸ ಅಂತ ಹುಡುಕಿದಾಗ ಮತ್ತೆ ಮತ್ತೆ ಸಿಕ್ಕ ಕಾರಣಗಳಲ್ಲಿ ಒಂದು, ಇವರ ಬದುಕಿನಲ್ಲಿ ಬಿಟ್ಟುಹೋಗದ ಒಬ್ಬ ದೊಡ್ಡವರಾದರೂ ಇದ್ದರು. ಅದು ಅಪ್ಪ ಅಮ್ಮನೇ ಆಗಬೇಕಾಗಿರಲಿಲ್ಲ. ಅಜ್ಜಿ ಇರಬಹುದು, ಅಕ್ಕ ಇರಬಹುದು, ಚಿಕ್ಕಮ್ಮ ಇರಬಹುದು, ಮೇಷ್ಟ್ರು ಇರಬಹುದು.

ಮೇಷ್ಟ್ರು! ಆ ಪಟ್ಟಿಯಲ್ಲಿ ನಾವೂ ಇದ್ದೆವು. ಅಡ್ಡಗೆರೆ ಎಳೆಯುತ್ತಾ ಕೂತಿದ್ದೆವು.

ಹಾಗಾದರೆ ಏನು ಮಾಡಬೇಕು ಅಂತೀರಾ? ನನ್ನಲ್ಲಿ ದೊಡ್ಡ ಯೋಜನೆ ಏನಿಲ್ಲ. ಮೊದಲು ವರ್ಷಕ್ಕೊಮ್ಮೆ ಸಾಧಕರನ್ನು ಕರೆಸುವ ಕಾರ್ಯಕ್ರಮದ ಬಗ್ಗೆ. ಬಿಡಿ ಅಂತ ಹೇಳುವುದಿಲ್ಲ, ಮಕ್ಕಳಿಗೆ ಒಂದು ಪೀರಿಯಡ್ ಪಾಠ ತಪ್ಪುತ್ತದೆ, ಅದರ ಸಂತೋಷವೇ ಬೇರೆ. ಆದರೆ ಕರೆಸುವಾಗ ಒಂದು ಷರತ್ತು ಹಾಕಿ. ಬಂದವರು ಇನ್ನೂ ಬಗೆಹರಿಯದ ತಮ್ಮ ಒಂದು ಒದ್ದಾಟದ ಬಗ್ಗೆ ಮಾತಾಡಲಿ. ಈ ವಾರ ಯಾವುದು ಕೈಕೊಟ್ಟಿತು, ಈಗ ಏನು ಮಾಡುತ್ತಿದ್ದೀರಿ ಅಂತ ಮಕ್ಕಳು ಕೇಳಲಿ. ಅದಕ್ಕಿಂತಲೂ ಒಳ್ಳೆಯದು, ಎರಡು ಮೂರು ವರ್ಷದ ಹಿಂದೆ ನಿಮ್ಮಲ್ಲೇ ಓದಿ ಹೋದ ಹುಡುಗಿಯನ್ನು ಕರೆಸಿ. ಬೆಂಚಿನ ಮೇಲೆ ಕೆತ್ತಿದ ಅವಳ ಹೆಸರು ಇನ್ನೂ ಅಲ್ಲೇ ಇರುತ್ತದೆ.

ಹೊರಗಿನವರನ್ನು ಮಕ್ಕಳಿಗೆ ಮಾರ್ಗದರ್ಶಕರಾಗಿ ಜೋಡಿಸುವ ಆಲೋಚನೆ ಇದ್ದರೆ, ಕೈಮುಗಿದು ಕೇಳುತ್ತೇನೆ, ಅರ್ಧಕ್ಕೆ ಕೈಬಿಡುವಂಥದ್ದು ಶುರುಮಾಡಲೇಬೇಡಿ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದರ ಲೆಕ್ಕ ಇದೆ. ವರ್ಷ, ಅದಕ್ಕಿಂತ ಹೆಚ್ಚು ಉಳಿದ ಸಂಬಂಧಗಳಿಂದ ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಲಾಭವಾಯಿತು. ಮೂರು ತಿಂಗಳೊಳಗೆ ಮುರಿದುಬಿದ್ದ ಕಡೆ ಮಕ್ಕಳಿಗೆ ತಮ್ಮ ಬಗ್ಗೆಯೇ ಇದ್ದ ಗೌರವ ಇಳಿದಿತ್ತು. ಮೊದಲೇ ಯಾರೋ ಬಿಟ್ಟುಹೋದ ಮಗುವನ್ನು ಇನ್ನೊಬ್ಬರು ಫೋಟೋ ತೆಗೆಸಿಕೊಂಡು ಬಿಟ್ಟುಹೋದರೆ ಇನ್ನೇನಾಗುತ್ತೆ? ಒಂದು ಗಂಟೆಯ ಭಾಷಣ ವಾಸಿ, ಅದು ಯಾರಿಗೂ ಆಸೆ ಹುಟ್ಟಿಸುವುದಿಲ್ಲ.

ಅಪ್ಪ ಅಮ್ಮಂದಿರಿಗೆ ನನ್ನ ಕೋರಿಕೆ ಚಿಕ್ಕದು. ನಿಮ್ಮ ಕೆಲಸ ಮಕ್ಕಳಿಗೆ ಕಾಣಲಿ. ಹಿಂದೆ ಬಡಗಿಯ ಮಗನಿಗೆ ಅಪ್ಪ ಮರ ಕೊಯ್ಯುವುದು ಕಾಣುತ್ತಿತ್ತು, ಕೊಯ್ದದ್ದು ವಂಕಾದರೆ ಅದೂ ಕಾಣುತ್ತಿತ್ತು. ನಿವೃತ್ತಿಗೆ ಮುಂಚಿನ ವರ್ಷಗಳಲ್ಲಿ ನಾನು ತರಗತಿಯಲ್ಲಿ “ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?” ಅಂತ ಕೇಳಿದರೆ “ಲ್ಯಾಪ್‌ಟಾಪ್ ನೋಡ್ತಾರೆ ಸಾರ್” ಅಂತ ಉತ್ತರ ಬರುತ್ತಿತ್ತು. ಆ ಪರದೆಯ ಹಿಂದೆ ದಿನಕ್ಕೆ ಎಷ್ಟು ತಪ್ಪು, ಎಷ್ಟು ತಿದ್ದುವಿಕೆ, ಎಷ್ಟು ಸಲ ಮೊದಲಿನಿಂದ ಶುರು! ಅದರಲ್ಲಿ ಒಂದನ್ನಾದರೂ ರಾತ್ರಿ ಬಾಯಿಬಿಟ್ಟು ಹೇಳಿ. ‘ಇವತ್ತು ಒಂದು ಕಡೆ ತಪ್ಪು ಮಾಡಿದೆ, ನಾಳೆ ಹೋಗಿ ಹೇಳಬೇಕು, ಸ್ವಲ್ಪ ಭಯ ಆಗ್ತಿದೆ’ ಅಂತ. ಮಗು ಮರುದಿನ ಸಂಜೆ ‘ಹೇಳಿದ್ರಾ?’ ಅಂತ ಕೇಳೇ ಕೇಳುತ್ತೆ. ಆಗ ನೀವು ಹೇಳಿರಬೇಕು, ಅದೇ ಕಷ್ಟ.

ಕೊನೆಯದಾಗಿ ಪಠ್ಯಪುಸ್ತಕದವರಿಗೆ. ‘ನನ್ನ ಆದರ್ಶ ವ್ಯಕ್ತಿ’ ಎಂಬ ಪ್ರಶ್ನೆಯನ್ನು ದಯವಿಟ್ಟು ಒಂದು ವರ್ಷದ ಮಟ್ಟಿಗೆ ತೆಗೆದುಹಾಕಿ. ಅದರ ಜಾಗದಲ್ಲಿ ಇದನ್ನು ಕೊಡಿ: ‘ನಿನಗೆ ಗೊತ್ತಿರುವ ದೊಡ್ಡವರೊಬ್ಬರು ಏನನ್ನಾದರೂ ಕಲಿಯಲು ಒದ್ದಾಡುತ್ತಿರುವುದನ್ನು ಒಂದು ವಾರ ನೋಡು. ನೋಡಿದ್ದನ್ನು ಬರೆ.’ ಗೈಡಿನವರಿಗೆ ಇದರ ಉತ್ತರ ಅಚ್ಚು ಹಾಕಲು ಆಗುವುದಿಲ್ಲ. ತಿದ್ದುವ ಶಿಕ್ಷಕರಿಗೂ ಒಂದು ಸೂಚನೆ ಸೇರಿಸಿ: ಫಲಿತಾಂಶ ಬಾರದ ಕತೆಗೂ ಪೂರ್ತಿ ಅಂಕ ಕೊಡಬಹುದು.

ಇತಿ ನಿಮ್ಮವ,
ಒಬ್ಬ ನಿವೃತ್ತ ಮೇಷ್ಟ್ರು

ತಾ.ಕ.: ಚಿಕ್ಕಮ್ಮನಿಗೆ ಏನಾಯಿತು ಅಂತ ಕೇಳುವವರು ಇದ್ದೇ ಇರುತ್ತೀರಿ. ವರ್ಷಗಳಾದ ಮೇಲೆ ಆ ಹುಡುಗ ಸಿಕ್ಕಿದ್ದ, ನಾನೂ ಅದನ್ನೇ ಕೇಳಿದೆ. ಮೂರನೇ ಸಲವೂ ಆಗಲಿಲ್ಲವಂತೆ. ನಾಲ್ಕನೇ ಸಲ ನಲವತ್ತೆರಡು ಬಂತಂತೆ. ಆಮೇಲೆ ಅವನೇ, ನಗುತ್ತಾ, ನಾನು ಕೊಟ್ಟಿದ್ದ ಅಂಕವನ್ನೂ ಹೇಳಿದ.